ಬೆಂಗಳೂರಿಗೆ ಶಾಲಾ ಪ್ರವಾಸ: ಪೌರನೀತಿ ಪಾಠ ಮಕ್ಕಳ ಕಣ್ಣಿಗೆ ಕಾಣುವ ಹಾಗೆ ಮಾಡುವುದು ಹೇಗೆ

ಡಿಸೆಂಬರ್ ಬಂತೆಂದರೆ ವಿಧಾನಸೌಧದ ಮುಂದಿನ ಫುಟ್‌ಪಾತ್‌ನಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳ ಸಾಲು ಇದ್ದೇ ಇರುತ್ತದೆ. ಬಸ್ಸು ನಿಲ್ಲುತ್ತದೆ. ಮೇಷ್ಟ್ರು ಗೇಟಿನ ಆಚೆ ಕೈ ತೋರಿಸಿ "ಇದೇ ನೋಡ್ರಪ್ಪ ವಿಧಾನಸೌಧ" ಎನ್ನುತ್ತಾರೆ. ಒಂದು ಗ್ರೂಪ್ ಫೋಟೊ ಆಗುತ್ತದೆ. ಎಣಿಕೆ ಮಾಡಿ ಮತ್ತೆ ಬಸ್ಸು ಹತ್ತಿಸುತ್ತಾರೆ. ಎಲ್ಲ ಸೇರಿ ಹತ್ತು ನಿಮಿಷ. ಆಮೇಲೆ ಲಾಲ್‌ಬಾಗ್, ಬನ್ನೇರುಘಟ್ಟ, ಸಂಜೆಗೆ ಯಾವುದಾದರೂ ಮಾಲ್.

ಮಕ್ಕಳಿಗೆ ಖುಷಿ ಆಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹತ್ತು ನಿಮಿಷದಲ್ಲಿ ಮಗು ಕಲಿಯುವುದೇನು? ಸರ್ಕಾರ ಅಂದರೆ ಗೇಟಿನ ಆಚೆ ಇರುವ ದೊಡ್ಡ ಕಟ್ಟಡ, ಹೊರಗೆ ನಿಂತು ನೋಡಬೇಕಾದದ್ದು. ಈ ಪಾಠ ಕಲಿಸುವುದಕ್ಕಿಂತ ಪ್ರವಾಸಕ್ಕೆ ಹೋಗದಿರುವುದೇ ಮೇಲು ಎನ್ನುವಷ್ಟು ಬೇಸರ ನನಗೆ ಇದರ ಬಗ್ಗೆ ಇದೆ. ರಾಜಧಾನಿಯಿಂದ ವಾಪಸ್ ಬರುವ ಹುಡುಗಿಗೆ ಒಂದು ವಿಷಯ ಗೊತ್ತಾಗಿರಬೇಕು: ನಮ್ಮೂರಿನ ಬಸ್ಸು, ನಮ್ಮ ಶಾಲೆಯ ಖಾಲಿ ಹುದ್ದೆ, ನಮ್ಮ ಹಾಸ್ಟೆಲಿನ ಅಕ್ಕಿ, ಇವೆಲ್ಲ ಯಾರೋ ಎಲ್ಲೋ ಕೂತು ತೀರ್ಮಾನ ಮಾಡುವ ವಿಷಯಗಳು. ಆ "ಯಾರೋ"ಗೆ ಹೆಸರಿದೆ, ಕುರ್ಚಿಯಿದೆ, ಅವರನ್ನು ಕೇಳುವ ಹಕ್ಕು ನನಗಿದೆ. ಪ್ರೌಢಶಾಲೆಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ, ಆಸಕ್ತಿ ಇರುವ ಪೋಷಕರಿಗೆ ಉಪಯೋಗ ಆಗಲಿ ಎಂದು ಆ ದಾರಿಯನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ತರಗತಿ, ದಿನ, ಊರು

ಒಂಬತ್ತನೇ ತರಗತಿಯೇ ಸರಿಯಾದ ತರಗತಿ. ಸಂವಿಧಾನ, ರಾಜ್ಯ ಸರ್ಕಾರ, ನ್ಯಾಯಾಂಗ, ಚುನಾವಣೆ ಎಲ್ಲ ಆ ವರ್ಷದ ಸಮಾಜ ವಿಜ್ಞಾನದಲ್ಲೇ ಬರುತ್ತವೆ. ಹತ್ತನೇ ತರಗತಿಯವರ ತಲೆಯಲ್ಲಿ ಪರೀಕ್ಷೆ ಬಿಟ್ಟರೆ ಬೇರೇನೂ ಇರುವುದಿಲ್ಲ.

ದಿನದ ವಿಷಯಕ್ಕೆ ಬರೋಣ. ಇಲ್ಲಿ ಬಹಳ ಶಾಲೆಗಳು ಎಡವುತ್ತವೆ. ನಮ್ಮ ಪ್ರವಾಸಗಳೆಲ್ಲ ನವೆಂಬರ್‌ನಿಂದ ಜನವರಿ ಒಳಗೆ. ಆದರೆ ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ನಡೆಯುವುದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಅಂದರೆ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದವರಿಗೆ ಸಿಗುವುದು ಖಾಲಿ ಸದನ. ಮಂತ್ರಿಗಳು, ಶಾಸಕರು, ಇಲಾಖೆಯ ಕಾರ್ಯದರ್ಶಿಗಳು ಎಲ್ಲರೂ ಆಗ ಬೆಳಗಾವಿಯಲ್ಲಿ. ಧಾರವಾಡ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯ ಶಾಲೆಗಳಿಗೆ ನನ್ನ ಸಲಹೆ ನೇರವಾಗಿದೆ: ಬೆಂಗಳೂರಿಗೆ ಹೋಗುವ ಖರ್ಚಿನ ಅರ್ಧದಲ್ಲಿ ಬೆಳಗಾವಿಗೆ ಹೋಗಿ, ನಡೆಯುತ್ತಿರುವ ಸದನ ನೋಡಿ ಬನ್ನಿ. 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಆ ಕಟ್ಟಡ ಇರುವುದೇ ಆ ಭಾಗದ ಜನರಿಗೆ ಸರ್ಕಾರ ಹತ್ತಿರ ಬರಲಿ ಎಂದು. ಮಕ್ಕಳಿಗಿಂತ ಹೆಚ್ಚಾಗಿ ಅದನ್ನು ಬಳಸಿಕೊಳ್ಳಬೇಕಾದವರು ಯಾರು?

ತುಮಕೂರು, ಕೋಲಾರ, ಮಂಡ್ಯ, ಬೆಂಗಳೂರು ದಕ್ಷಿಣ (ಮೊದಲಿನ ರಾಮನಗರ) ಇಂಥ ಹತ್ತಿರದ ಜಿಲ್ಲೆಯವರಿಗೆ ಇನ್ನೊಂದು ದಾರಿ ಇದೆ. ಮಳೆಗಾಲದ ಅಧಿವೇಶನ ಹೆಚ್ಚಾಗಿ ಜುಲೈ, ಆಗಸ್ಟ್ ಹೊತ್ತಿಗೆ ಬೆಂಗಳೂರಲ್ಲೇ ನಡೆಯುತ್ತದೆ. ದೊಡ್ಡ ಪ್ರವಾಸ ಎನ್ನದೆ ಒಂದು ದಿನದ ಕ್ಷೇತ್ರ ಭೇಟಿ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ಕೇಳಿ. ಬೆಳಿಗ್ಗೆ ಹೊರಟು ಸಂಜೆಗೆ ಊರು ಸೇರಬಹುದು.

ಯಾವ ತಿಂಗಳಾದರೂ ಕೆಲಸದ ದಿನವೇ ಆಗಿರಲಿ. 2025ರ ಜೂನ್‌ನಿಂದ ವಿಧಾನಸೌಧದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಗೈಡ್ ಜೊತೆಗಿನ ನಡಿಗೆ ಶುರುವಾಗಿದೆ. ಅದು ರಜಾ ದಿನಗಳಿಗೆಂದು ಇರುವ ವ್ಯವಸ್ಥೆ. ಟಿಕೆಟ್ ಮತ್ತು ಸಮಯವನ್ನು ನಿಗಮದ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಕಟ್ಟಡದ ಕಥೆ ಕೇಳಲು ಅದು ಚೆನ್ನ. ಆದರೆ ಭಾನುವಾರದ ವಿಧಾನಸೌಧದಲ್ಲಿ ಫೈಲು ಓಡಾಡುವುದಿಲ್ಲ, ಅರ್ಜಿ ಹಿಡಿದು ಬಂದ ಜನ ಇರುವುದಿಲ್ಲ. ಹೈಕೋರ್ಟ್ ನೋಡುವ ಆಸೆ ಇದ್ದರೆ ಕ್ರಿಸ್‌ಮಸ್ ವಾರ ಬೇಡ, ಆಗ ಕೋರ್ಟಿಗೆ ರಜೆ.

ಹಂತ 2: ದುಡ್ಡಿಲ್ಲ ಎಂದು ಯಾರೂ ಹಿಂದುಳಿಯಬಾರದು

ಪ್ರವಾಸದ ದುಡ್ಡು ಕಟ್ಟಲು ಆಗದ ಮಕ್ಕಳು ಆ ದಿನ ಮನೆಯಲ್ಲಿ ಉಳಿಯುತ್ತಾರೆ. ಬೇರೆ ಪ್ರವಾಸದಲ್ಲಿ ಇದು ಬೇಸರದ ವಿಷಯ. ಈ ಪ್ರವಾಸದಲ್ಲಿ ಇದು ದೊಡ್ಡ ತಪ್ಪು. ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಸಮಾನತೆ ಅಂತ ಹೇಳಿಸಿ, ಕೊನೆಗೆ "ದುಡ್ಡು ತಂದವರು ಮಾತ್ರ ಬಸ್ಸು ಹತ್ತಿ" ಎಂದರೆ ಮಕ್ಕಳು ಯಾವುದನ್ನು ನಂಬಬೇಕು?

ಸರ್ಕಾರಿ ಶಾಲೆಗಳಿಗೆ ಸರ್ಕಾರದ ಖರ್ಚಿನ ಕರ್ನಾಟಕ ದರ್ಶನ ಪ್ರವಾಸ ಇದೆ. ನಿಮ್ಮ ತಾಲ್ಲೂಕಿಗೆ ಈ ವರ್ಷ ಎಷ್ಟು ಮಕ್ಕಳಿಗೆ ಬಂದಿದೆ ಎಂದು ಬಿಇಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಅದು ಸಿಗದಿದ್ದರೆ ಗ್ರಾಮ ಪಂಚಾಯಿತಿ, ಹಾಲಿನ ಸೊಸೈಟಿ, ಹಳೆ ವಿದ್ಯಾರ್ಥಿಗಳು ಇದ್ದಾರೆ. ಕೇಳಿದರೆ ಕೊಡುವವರು ಊರಲ್ಲಿ ಇದ್ದೇ ಇರುತ್ತಾರೆ. ಯಾರ ದುಡ್ಡು ಯಾರು ಕಟ್ಟಿದರು ಎನ್ನುವುದು ಮಕ್ಕಳಿಗೆ ಗೊತ್ತಾಗಬಾರದು ಅಷ್ಟೆ.

ಹಂತ 3: ಊರಿನಿಂದ ಒಂದು ಪ್ರಶ್ನೆ ಹೊರಡಲಿ

ಇಡೀ ಪ್ರವಾಸದ ಜೀವ ಇರುವುದು ಈ ಹಂತದಲ್ಲಿ. ಪ್ರವಾಸಕ್ಕೆ ಮೂರು ವಾರ ಇರುವಾಗಲೇ ಶುರು ಮಾಡಿ.

ತರಗತಿಯಲ್ಲಿ ಕೂರಿಸಿ ಒಂದೇ ಮಾತು ಕೇಳಿ: "ನಿಮಗೆ ದಿನಾ ತೊಂದರೆ ಕೊಡುವ ವಿಷಯ ಯಾವುದು?" ಮೊದಲು ನಗುತ್ತಾರೆ, ಹೋಂವರ್ಕ್ ಎನ್ನುತ್ತಾರೆ. ಐದು ನಿಮಿಷ ಬಿಡಿ. ಆಮೇಲೆ ನಿಜವಾದದ್ದು ಹೊರಗೆ ಬರುತ್ತದೆ. ಬೆಳಗಿನ ಬಸ್ಸು ತುಂಬಿಕೊಂಡು ಬಂದು ನಿಲ್ಲಿಸದೇ ಹೋಗುತ್ತದೆ. ಗಣಿತಕ್ಕೆ ಟೀಚರ್ ಇಲ್ಲ. ಶೌಚಾಲಯದಲ್ಲಿ ನೀರಿಲ್ಲ, ಹಾಗಾಗಿ ಕೆಲವು ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಶಾಲೆಗೇ ಬರುವುದಿಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯಿರಿ. ಕೈ ಎತ್ತಿಸಿ ಒಂದನ್ನು ಆರಿಸಲಿ. ಅದೂ ಒಂದು ಮತದಾನವೇ, ಸೋತವರು ಗೆದ್ದ ಪ್ರಶ್ನೆಯ ಮೇಲೆ ಕೆಲಸ ಮಾಡುವುದೂ ಪಾಠವೇ.

ಈಗ ಆ ಪ್ರಶ್ನೆಯ ಬೆನ್ನು ಹತ್ತಿ. ಬಸ್ಸಿನದ್ದೇ ತೆಗೆದುಕೊಳ್ಳೋಣ. ನಮ್ಮೂರ ಬಸ್ಸಿನ ಟೈಮು ಯಾರ ಕೈಯಲ್ಲಿದೆ? ಡ್ರೈವರ್ ಕೈಯಲ್ಲಿ ಇಲ್ಲ, ಮಕ್ಕಳು ಸುಮ್ನೆ ಅವರ ಮೇಲೆ ಸಿಟ್ಟಾಗುತ್ತಾರೆ. ತಾಲ್ಲೂಕಿನಲ್ಲಿ ಡಿಪೊ ಮ್ಯಾನೇಜರ್ ಇದ್ದಾರೆ. ಅವರ ಮೇಲೆ ವಿಭಾಗೀಯ ನಿಯಂತ್ರಣಾಧಿಕಾರಿ. ಅವರ ಮೇಲೆ ನಿಗಮದ ಕೇಂದ್ರ ಕಚೇರಿ. ಅದಕ್ಕೂ ಮೇಲೆ ಸಾರಿಗೆ ಇಲಾಖೆ, ಸಚಿವರು. ಆ ಸಚಿವರನ್ನು ಸದನದಲ್ಲಿ ನಿಲ್ಲಿಸಿ ಕೇಳಬಲ್ಲವರು ನಮ್ಮ ಶಾಸಕರು. ಆ ಶಾಸಕರಿಗೆ ಓಟು ಹಾಕಿದವರು ನಮ್ಮ ಅಪ್ಪ, ಅಮ್ಮ, ಅಜ್ಜಿ. ಇದನ್ನು ಒಂದು ಚಾರ್ಟಿನ ಮೇಲೆ ಮಕ್ಕಳೇ ಬರೆಯಲಿ, ಕೆಳಗೆ ಅಜ್ಜಿಯಿಂದ ಶುರುವಾಗಿ ಮೇಲಕ್ಕೆ ಹೋಗಲಿ.

ಬರೆಯುವಾಗ ಒಂದು ಸ್ವಾರಸ್ಯ ಸಿಗುತ್ತದೆ. ಶಾಲೆ ಹಾವೇರಿಯಲ್ಲಿದ್ದರೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಯಾದಗಿರಿಯಲ್ಲಿದ್ದರೆ ಕಲಬುರಗಿಯಲ್ಲಿ. ಹಾಸನದವರಿಗೆ ಬೆಂಗಳೂರಿನ ಶಾಂತಿನಗರದಲ್ಲಿ. ಶೌಚಾಲಯದ ನೀರಿನ ಪ್ರಶ್ನೆಯಾದರೆ ಎಷ್ಟೋ ಸಲ ಬೆಂಗಳೂರಿನ ತನಕ ಹೋಗಲೇಬೇಕಿಲ್ಲ, ಗ್ರಾಮ ಪಂಚಾಯಿತಿಯಲ್ಲೇ ಮುಗಿಯಬಹುದು. ಗಣಿತದ ಟೀಚರ್ ಹುದ್ದೆಯಾದರೆ ಬಿಇಒ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ದಾಟಿ ಮೇಲಕ್ಕೆ ಹೋಗುತ್ತದೆ. ನೇಮಕಾತಿ ಆಗಬೇಕೆಂದರೆ ಹಣಕಾಸು ಇಲಾಖೆಯ ಒಪ್ಪಿಗೆಯೂ ಬೇಕು. ಯಾವ ಕೆಲಸ ಪಂಚಾಯಿತಿಯದ್ದು, ಯಾವುದು ಜಿಲ್ಲೆಯದ್ದು, ಯಾವುದು ರಾಜ್ಯದ್ದು ಎಂಬ ಈ ವಿಂಗಡಣೆ ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ. ತಮ್ಮದೇ ಬಸ್ಸಿನ ಬೆನ್ನು ಹತ್ತಿದರೆ ಮರೆಯುವುದೂ ಇಲ್ಲ.

ಇನ್ನೊಂದು ಕೆಲಸ ಮಾಡಿ. ವಿಧಾನಸಭೆಯಲ್ಲಿ ಶಾಸಕರು ಕೇಳಿದ ಪ್ರಶ್ನೆ, ಮಂತ್ರಿಗಳು ಕೊಟ್ಟ ಉತ್ತರ ಸಭೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಸಿಗುತ್ತವೆ. ನಿಮ್ಮ ತಾಲ್ಲೂಕಿಗೆ ಸಂಬಂಧಪಟ್ಟ ಒಂದು ಉತ್ತರವನ್ನು ಹುಡುಕಿ ಪ್ರಿಂಟ್ ತೆಗೆಸಿ ಮಕ್ಕಳ ಕೈಗೆ ಕೊಡಿ. ಭಾಷೆ ಗಡುಸಾಗಿರುತ್ತದೆ, ಪರವಾಗಿಲ್ಲ. ತಮ್ಮೂರ ಹೆಸರು ಆ ಕಾಗದದಲ್ಲಿ ಅಚ್ಚಾಗಿರುವುದನ್ನು ಕಂಡಾಗ ಮಕ್ಕಳು ಓದುವ ರೀತಿಯೇ ಬೇರೆ.

ಹಂತ 4: ಅನುಮತಿ ಪತ್ರ ಮಕ್ಕಳೇ ಬರೆಯಲಿ

ಸದನ ನೋಡಲು ಪಾಸು ಬೇಕು. ವಿಧಾನಸಭೆಗಾದರೆ ಸಭೆಯ ಕಾರ್ಯದರ್ಶಿಗೆ, ವಿಧಾನ ಪರಿಷತ್ತಿಗಾದರೆ ಪರಿಷತ್ತಿನ ಕಾರ್ಯದರ್ಶಿಗೆ ಬರೆಯಿರಿ. ಪ್ರತಿಯನ್ನು ನಿಮ್ಮ ಕ್ಷೇತ್ರದ ಶಾಸಕರ ಕಚೇರಿಗೂ ಕೊಡಿ. ಶಾಲೆಯ ಲೆಟರ್‌ಹೆಡ್, ಮುಖ್ಯ ಶಿಕ್ಷಕರ ಸಹಿ, ಮಕ್ಕಳ ಮತ್ತು ಜೊತೆಗೆ ಬರುವ ಶಿಕ್ಷಕರ ಪಟ್ಟಿ, ಬರುವ ದಿನ, ಒಂದು ಫೋನ್ ನಂಬರ್ ಇಷ್ಟಿರಲಿ. ಹೈಕೋರ್ಟಿಗೆ ಬೇರೆಯದೇ ಪತ್ರ ಬೇಕು. ಪೋಷಕರ ಒಪ್ಪಿಗೆ, ಇಲಾಖೆಯ ಅನುಮತಿ, ಬಸ್ಸಿನ ಬುಕಿಂಗ್ ಎಲ್ಲ ನೀವು ಪ್ರತಿ ವರ್ಷ ಮಾಡುವಂಥದ್ದೇ, ಅದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಪತ್ರದ ಒಕ್ಕಣೆ ಮಾತ್ರ ಮಕ್ಕಳಿಗೆ ಬಿಡಿ. "ಇವರಿಗೆ, ಇವರಿಂದ, ವಿಷಯ" ಎಂದು ವ್ಯಾಕರಣ ಪಾಠದಲ್ಲಿ ಬರೆದ ಪತ್ರವೆಲ್ಲ ಸುಳ್ಳು ಪತ್ರಗಳು, ಯಾರಿಗೂ ತಲುಪಿದ್ದಿಲ್ಲ. ಇದು ತಲುಪುತ್ತದೆ. ಶಾಸಕರಿಗೆ ಹೋಗುವ ಪತ್ರದಲ್ಲಿ ತರಗತಿ ಆರಿಸಿದ ಪ್ರಶ್ನೆಯನ್ನೂ ಸೇರಿಸಿ, "ಆ ದಿನ ಹತ್ತು ನಿಮಿಷ ನಮ್ಮ ಜೊತೆ ಮಾತನಾಡಲು ಆಗುತ್ತದೆಯೇ?" ಎಂದು ಕೇಳಿ. ಊರಲ್ಲಿ ಸಿಗದ ಶಾಸಕರು ಅಧಿವೇಶನದ ದಿನ ಸದನದ ಹೊರಗಿನ ಮೊಗಸಾಲೆಯಲ್ಲಿ (ಲಾಬಿ) ಸಿಗುವುದುಂಟು. ಯಾವ ಪಕ್ಷದವರಾದರೂ ಸರಿ, ಗೌರವದಿಂದ ಕೇಳುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿ. ಹಾರ, ಶಾಲು ಬೇಡ. ಹಾರ ಹಿಡಿದ ಕೈಯಲ್ಲಿ ಪ್ರಶ್ನೆ ಹಿಡಿಯುವುದು ಕಷ್ಟ.

ಹಂತ 5: ಗ್ಯಾಲರಿಯಲ್ಲಿ ಕೂತಾಗ

ಮೊಬೈಲು, ಬ್ಯಾಗು ಹೊರಗೇ ಬಿಡಬೇಕು. ಒಳಗೆ ಮಾತಾಡುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ. ಹಾಗಾಗಿ ಏನು ನೋಡಬೇಕೆಂದು ಮಕ್ಕಳಿಗೆ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಕಾಲು ಗಂಟೆಯಲ್ಲಿ ನಿದ್ದೆ ಬರುತ್ತದೆ.

ಮೊದಲು ಕೂರುವ ವ್ಯವಸ್ಥೆ. ನಡುವೆ ಎತ್ತರದಲ್ಲಿ ಸಭಾಧ್ಯಕ್ಷರು. ಅವರ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ವಿರೋಧ ಪಕ್ಷ. ಕೆಳಗೆ ಮೇಜಿನ ಹತ್ತಿರ ಕೂತು ಒಂದೇ ಸಮ ಬರೆದುಕೊಳ್ಳುತ್ತಿರುವವರನ್ನೂ ತೋರಿಸಿ. ಸದನದಲ್ಲಿ ಆಡಿದ ಮಾತು ದಾಖಲೆಯಾಗಿ ಉಳಿಯುತ್ತದೆ ಎನ್ನುವುದು ಮಕ್ಕಳಿಗೆ ತುಂಬ ಹಿಡಿಸುತ್ತದೆ.

ಬೆಳಗಿನ ಪ್ರಶ್ನೋತ್ತರ ಸಿಕ್ಕರೆ ಅದೃಷ್ಟ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಉತ್ತರ ಸರಿ ಬರಲಿಲ್ಲ ಎಂದರೆ ಶಾಸಕರು ಮತ್ತೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ. ಒಬ್ಬ ಶಾಸಕ ಎದ್ದು ತನ್ನ ಕ್ಷೇತ್ರದ ಒಂದು ಸೇತುವೆಯ ಬಗ್ಗೆ ಕೇಳುವುದು, ಮಂತ್ರಿ ಕಾಗದ ತಿರುವುತ್ತ ಅಂಕಿ ಹುಡುಕುವುದು, "ಯಾವಾಗ ಮುಗಿಸ್ತೀರಿ ಹೇಳಿ" ಎಂಬ ಒತ್ತಾಯ, ಈ ಐದು ನಿಮಿಷ ಒಂದು ಪೂರ್ತಿ ಅಧ್ಯಾಯಕ್ಕೆ ಸಮ.

ಎರಡು ಎಣಿಕೆ ಕೊಡಿ. ಒಂದು, ಒಳಗೆ ಎಷ್ಟು ಜನ ಇದ್ದಾರೆ? ಒಟ್ಟು 224 ಸ್ಥಾನ. ಸದನ ನಡೆಯಲು ಕನಿಷ್ಠ ಹತ್ತನೇ ಒಂದು ಭಾಗ, ಅಂದರೆ 23 ಜನ ಇರಬೇಕು. ಕಡಿಮೆ ಆದರೆ ಕೋರಂ ಗಂಟೆ ಬಾರಿಸುತ್ತಾರೆ. ಮಕ್ಕಳು ಖಾಲಿ ಕುರ್ಚಿ ಎಣಿಸುತ್ತಾರೆ, ಹೊರಗೆ ಬಂದ ಕೂಡಲೇ ಕೇಳುತ್ತಾರೆ: "ಸಾರ್, ನಾವು ಒಂದಿನ ಬರದಿದ್ರೆ ಹಾಜರಿ ಹಾಕಲ್ಲ, ಅವರೆಲ್ಲ ಎಲ್ಲಿ ಹೋಗಿದ್ರು?" ಈ ಪ್ರಶ್ನೆಯನ್ನು ದಯವಿಟ್ಟು ಗದರಿಸಿ ಮುಚ್ಚಬೇಡಿ. ಕೆಲವರು ಸಮಿತಿ ಸಭೆಯಲ್ಲಿರಬಹುದು, ಕ್ಷೇತ್ರದ ಕೆಲಸಕ್ಕೆ ಹೋಗಿರಬಹುದು, ಕೆಲವರು ಕಾರಣವಿಲ್ಲದೆಯೇ ಬಾರದೆ ಇರಬಹುದು. ಮೂರನ್ನೂ ಹೇಳಿ. ನಮ್ಮ ಶಾಸಕರು ಇದ್ದರಾ, ಮಾತಾಡಿದರಾ ಎಂದು ಬರೆದುಕೊಳ್ಳಲಿ.

ಎರಡನೇ ಎಣಿಕೆ ಹುಡುಗಿಯರಿಗೆ. ಹೆಣ್ಣುಮಕ್ಕಳು ಎಷ್ಟಿದ್ದಾರೆ? 2023ರ ಚುನಾವಣೆಯಲ್ಲಿ ಗೆದ್ದ ಮಹಿಳೆಯರು 10 ಮಂದಿ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಎಷ್ಟೋ ಹುಡುಗಿಯರ ಊರಿನಲ್ಲಿ ಅಧ್ಯಕ್ಷೆಯೇ ಹೆಣ್ಣು. ಊರಲ್ಲಿ ಅರ್ಧ, ಇಲ್ಲಿ ಬೆರಳೆಣಿಕೆ, ಯಾಕೆ? ಉತ್ತರ ನೀವು ಹೇಳಬೇಡಿ, ಬಸ್ಸಿನಲ್ಲಿ ಅವರವರೇ ವಾದ ಮಾಡಲಿ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಿಡುವ ತಿದ್ದುಪಡಿ 2023ರಲ್ಲಿ ಸಂಸತ್ತಿನಲ್ಲಿ ಪಾಸಾಯಿತು ಎಂಬುದನ್ನು ಮಾತ್ರ ವಾದದ ನಡುವೆ ಸೇರಿಸಿ.

ಗಲಾಟೆ ನಡೆದರೆ? ಕೂಗಾಟ, ಬಾವಿಗಿಳಿಯುವುದು (ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ ನುಗ್ಗುವುದು), ಕಲಾಪ ಮುಂದೂಡುವುದು ಎಲ್ಲ ನಡೆಯುತ್ತವೆ. ಕೆಲವು ಶಿಕ್ಷಕರಿಗೆ ಮಕ್ಕಳ ಮುಂದೆ ಮುಜುಗರ ಆಗುತ್ತದೆ. ಮುಚ್ಚಿಡಬೇಡಿ. ಯಾವುದರ ಬಗ್ಗೆ ಗಲಾಟೆ, ಅದರಿಂದ ಯಾವ ಪ್ರಶ್ನೆ ಬಾಕಿ ಉಳಿಯಿತು ಎಂದು ಕೇಳಿ. ನಮ್ಮ ಪ್ರಶ್ನೆಯೇ ಅವತ್ತಿನ ಪಟ್ಟಿಯಲ್ಲಿ ಇದ್ದಿದ್ದರೆ ಹೇಗನ್ನಿಸುತ್ತಿತ್ತು ಎಂದು ಕೇಳಿ.

ಹಂತ 6: ಒಂದೇ ದಿನ ಮೂರು ಪಾಠ

ಒಂದು ದಿನಕ್ಕೆ ಹತ್ತು ಜಾಗ ತುರುಕಬೇಡಿ. ವಿಧಾನಸೌಧ, ಎದುರಿನ ಹೈಕೋರ್ಟ್, ಸ್ವಲ್ಪ ದೂರದ ಫ್ರೀಡಂ ಪಾರ್ಕ್, ಈ ಮೂರೇ ಸಾಕು. ನಡುವೆ ಕಬ್ಬನ್ ಪಾರ್ಕಿನ ನೆರಳಲ್ಲಿ ಬುತ್ತಿ. ಬಸ್ಸನ್ನು ದೂರ ನಿಲ್ಲಿಸಿ ಮೆಟ್ರೊದಲ್ಲಿ ಬಂದರೆ ವಿಧಾನಸೌಧದ ಹತ್ತಿರವೇ ಅಂಬೇಡ್ಕರ್ ಹೆಸರಿನ ನಿಲ್ದಾಣ ಇದೆ. ಮಕ್ಕಳಿಗೆ ಮೆಟ್ರೊ ಹತ್ತಿದ ಖುಷಿಯೂ ಆಯಿತು.

ವಿಧಾನಸೌಧದ ಮುಂದೆ ನಿಂತಾಗ ಕಟ್ಟಡದ ಉದ್ದಗಲ ಒಪ್ಪಿಸುವ ಬದಲು ಇಷ್ಟು ಹೇಳಿ. 1951ರ ಜುಲೈನಲ್ಲಿ ನೆಹರೂ ಅಡಿಗಲ್ಲು ಹಾಕಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಈಗಿನ ರೂಪದಲ್ಲಿ ಕಟ್ಟಿಸಿದರು. 1956ರಲ್ಲಿ ಮುಗಿಯಿತು, ಅದೇ ವರ್ಷ ನವೆಂಬರ್ 1ಕ್ಕೆ ಕನ್ನಡನಾಡು ಒಂದಾಯಿತು. ಕಟ್ಟಿದವರಲ್ಲಿ ಕೈದಿಗಳೂ ಇದ್ದರು. ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಿದ್ದಾರೆ. ಈ ಮಾತು ಒಪ್ಪುತ್ತೀರಾ ಎಂದು ಮಕ್ಕಳನ್ನು ಕೇಳಿ. ಜನರ ಕೆಲಸ ಎಂದು ಬರೆಯಬೇಕಿತ್ತು ಎನ್ನುವ ಹುಡುಗ ಸಿಕ್ಕೇ ಸಿಗುತ್ತಾನೆ. ದೇವರ ಕೆಲಸ ಅಂದರೆ ಲಂಚ ಮುಟ್ಟಬಾರದು ಅಂತ ಅರ್ಥ ಎನ್ನುವ ಹುಡುಗಿಯೂ ಸಿಗುತ್ತಾಳೆ. ಇಬ್ಬರಿಗೂ ಸಮಯ ಕೊಡಿ.

ಎದುರಿನ ಕೆಂಪು ಕಟ್ಟಡವೇ ಹೈಕೋರ್ಟ್. ಅದರ ಹಳೆಯ ಹೆಸರು ಅಠಾರಾ ಕಚೇರಿ, 1860ರ ದಶಕದ್ದು. ಒಂದು ಕಾಲಕ್ಕೆ ಸರ್ಕಾರದ ಕಚೇರಿಗಳೆಲ್ಲ ಇಲ್ಲೇ ಇದ್ದವು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಾಗ ಊರಿನ ಜನ ವಿರೋಧಿಸಿದರು, ಕೋರ್ಟಿಗೂ ಹೋದರು, ಕಟ್ಟಡ ಉಳಿಯಿತು. ಕಾನೂನು ಮಾಡುವವರು ರಸ್ತೆಯ ಆ ಬದಿ, ಆ ಕಾನೂನು ಸಂವಿಧಾನಕ್ಕೆ ಸರಿಯಿದೆಯೇ ಎಂದು ನೋಡುವವರು ಈ ಬದಿ. ಅಧಿಕಾರದ ವಿಭಜನೆಯನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಹೈಕೋರ್ಟಿನ ಪೀಠಗಳು ಧಾರವಾಡ ಮತ್ತು ಕಲಬುರಗಿಯಲ್ಲೂ ಇವೆ, ಆ ಕಡೆಯವರು ಅಲ್ಲೇ ನೋಡಬಹುದು.

ಫ್ರೀಡಂ ಪಾರ್ಕನ್ನು ಬಹಳ ಶಾಲೆಗಳು ಬಿಟ್ಟುಬಿಡುತ್ತವೆ. ನನ್ನ ಮಟ್ಟಿಗೆ ಅದೇ ಮುಖ್ಯ. ಅದು ಹಳೆಯ ಸೆಂಟ್ರಲ್ ಜೈಲು. 1975ರ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧನಕ್ಕೊಳಗಾದ ವಾಜಪೇಯಿ, ಅಡ್ವಾಣಿ ಇಲ್ಲಿ ಇದ್ದರು. 2008ರಲ್ಲಿ ಪಾರ್ಕ್ ಆಗಿ ತೆರೆಯಿತು. ಸೆರೆಕೋಣೆಗಳು, ಕಾವಲು ಗೋಪುರ ಇನ್ನೂ ಇವೆ. ನಗರದಲ್ಲಿ ಧರಣಿ ಕೂರಲು ಗೊತ್ತುಮಾಡಿದ ಜಾಗವೂ ಇದೇ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ನೌಕರರು ಎಷ್ಟೋ ಸಲ ಇಲ್ಲಿ ಕೂತಿದ್ದಾರೆ. ನಿಮ್ಮ ತರಗತಿಯಲ್ಲೇ ಒಬ್ಬಳ ಅಮ್ಮ ಆಶಾ ಕಾರ್ಯಕರ್ತೆ ಆಗಿರಬಹುದು ಅಲ್ವಾ? ಅವತ್ತು ಧರಣಿ ಶಾಂತವಾಗಿ ನಡೆಯುತ್ತಿದ್ದರೆ, ಅಲ್ಲಿರುವ ಪೊಲೀಸರಿಗೆ ಹೇಳಿ, ನಾಲ್ಕೈದು ಮಕ್ಕಳು ಹೋಗಿ "ಅಕ್ಕಾ, ನಿಮ್ಮ ಬೇಡಿಕೆ ಏನು, ಯಾರಿಗೆ ಕೊಟ್ಟಿದ್ದೀರಿ?" ಎಂದು ಕೇಳಿ ಬರಲಿ. ದೊಡ್ಡ ಗುಂಪು ಇದ್ದರೆ, ವಾತಾವರಣ ಬಿಸಿ ಇದ್ದರೆ ಒಳಗೆ ಹೋಗಬೇಡಿ. ನಿರ್ಧಾರ ನಿಮ್ಮದೇ.

ಸಮಯ ಉಳಿದರೆ ಹಡ್ಸನ್ ವೃತ್ತದ ನಗರಪಾಲಿಕೆ ಕಟ್ಟಡವನ್ನು ಹೊರಗಿನಿಂದ ತೋರಿಸಿ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಿಮ್ಮ ಹಳ್ಳಿಯಲ್ಲಿ ಪಂಚಾಯಿತಿ ಸದಸ್ಯರು ಮನೆ ಹತ್ತಿರವೇ ಸಿಗುವಾಗ, ಇಷ್ಟು ದೊಡ್ಡ ನಗರದವರು ತಮ್ಮ ಬೀದಿಯ ಕಸಕ್ಕೆ ಯಾರನ್ನು ಕೇಳಬೇಕಿತ್ತು? ರಾಜಧಾನಿ ಎಂದರೆ ಎಲ್ಲದರಲ್ಲೂ ಮುಂದೆ ಎಂಬ ಭಾವನೆ ಮಕ್ಕಳಲ್ಲಿ ಗಟ್ಟಿಯಾಗಿರುತ್ತದೆ. ಅದು ಸ್ವಲ್ಪ ಸಡಿಲವಾದರೆ ಒಳ್ಳೆಯದು.

ಹಂತ 7: ಊರಿಗೆ ಬಂದ ಮೇಲೆ

ಪ್ರವಾಸ ಪ್ರಬಂಧ ಬರೆಸುವುದು ಇರಲಿ. ಅದಕ್ಕಿಂತ ಮುಖ್ಯ, ಆರಿಸಿದ ಪ್ರಶ್ನೆ ಮುಂದೆ ಹೋಗುವುದು. ನವೆಂಬರ್‌ನಿಂದ ಶುರುವಾಗಿ ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ದಿನಾಂಕವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ. ಪಂಚಾಯಿತಿಯ ಮಟ್ಟದ ಪ್ರಶ್ನೆಯಾದರೆ ಅಲ್ಲಿ ಮಕ್ಕಳೇ ಎದ್ದು ಓದಲಿ, ನಡಾವಳಿ ಪುಸ್ತಕದಲ್ಲಿ ಬರೆಸಿಕೊಳ್ಳಲಿ. ಮೇಲಿನ ಮಟ್ಟದ್ದಾದರೆ ಚಾರ್ಟಿನಲ್ಲಿ ಗುರುತಿಸಿದ ಅಧಿಕಾರಿಗೆ ಪತ್ರ ಹೋಗಲಿ, ಪ್ರತಿ ಶಾಸಕರಿಗೆ. ಸ್ವೀಕೃತಿ ಕೇಳಿ ಪಡೆಯುವುದನ್ನು ಕಲಿಸಿ, ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್.

ಉತ್ತರ ಬಾರದಿದ್ದರೆ ಪೋಷಕರೊಬ್ಬರ ಹೆಸರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿ. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ. ಅರ್ಜಿ 150 ಪದದೊಳಗೆ ಇರಬೇಕು, ಒಂದೇ ವಿಷಯದ ಮೇಲಿರಬೇಕು. "ಬಸ್ಸು ಯಾಕೆ ಬಿಡಲ್ಲ?" ಎಂದು ಬರೆದರೆ ಉತ್ತರ ಬರುವುದಿಲ್ಲ. "ಈ ಮಾರ್ಗದ ವೇಳಾಪಟ್ಟಿಯ ಪ್ರತಿ, ಕಳೆದ ಆರು ತಿಂಗಳಲ್ಲಿ ರದ್ದಾದ ಟ್ರಿಪ್ಪುಗಳ ವಿವರ ಕೊಡಿ" ಎಂದು ದಾಖಲೆ ಕೇಳಬೇಕು. ಉತ್ತರಕ್ಕೆ 30 ದಿನ. ಬಾರದಿದ್ದರೆ ಮೊದಲ ಮೇಲ್ಮನವಿ.

ಈ ಎಲ್ಲವನ್ನೂ ಬರೆದಿಡಲು ಶಾಲಾ ಸಂಸತ್ತಿಗೆ ಒಂದು ರಿಜಿಸ್ಟರ್ ಕೊಡಿ. ಪತ್ರ ಹೋದ ದಿನ, ಯಾರಿಗೆ, ಏನು ಉತ್ತರ, ಮುಂದೇನು ಎಂದು ನಾಲ್ಕು ಕಾಲಂ ಸಾಕು. ಒಂಬತ್ತನೇ ತರಗತಿಯವರು ಮುಂದಿನ ವರ್ಷ ಹತ್ತಕ್ಕೆ ಹೋಗುವಾಗ ಆ ಪುಸ್ತಕವನ್ನು ಕಿರಿಯರಿಗೆ ಒಪ್ಪಿಸಲಿ. ಹೊಸ ತರಗತಿ ಪ್ರವಾಸಕ್ಕೆ ಹೊರಡುವ ಮೊದಲು ಮಾಡಬೇಕಾದ ಮೊದಲ ಕೆಲಸ ಅದರಲ್ಲಿ ಉತ್ತರ ಬಾರದೆ ಉಳಿದಿರುವ ಸಾಲುಗಳನ್ನು ಓದುವುದು.